ಸ್ಲಾಟ್ ಮಷೀನಿನ ಹಣದಲ್ಲಿ ಓಡಿದ ಕುದುರೆಗಳು: ಒಂಟಾರಿಯೊದ ಹದಿನೈದು ವರ್ಷ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರೊಂಟೊದ ಪಿಯರ್ಸನ್ ವಿಮಾನ ನಿಲ್ದಾಣದ ಪಕ್ಕದಲ್ಲೇ ವುಡ್‌ಬೈನ್ ರೇಸ್‌ಕೋರ್ಸ್ ಇದೆ. 1956ರಲ್ಲಿ ಶುರುವಾದದ್ದು, ಒಂದೂವರೆ ಮೈಲಿಯ ಹುಲ್ಲಿನ ಟ್ರ್ಯಾಕ್ ಇರುವಂಥದ್ದು. 1860ರಿಂದ ತಪ್ಪದೆ ನಡೆದುಬಂದಿರುವ ಕಿಂಗ್ಸ್ ಪ್ಲೇಟ್ ಓಟ ಈಗ ನಡೆಯುವುದು ಇಲ್ಲಿಯೇ. ಬ್ರಾಂಪ್ಟನ್, ಮಿಸಿಸಾಗಾ ಕಡೆಯ ಕನ್ನಡಿಗರು ಹೆದ್ದಾರಿ 427ರಲ್ಲಿ ಹೋಗುವಾಗ ದಿನವೂ ಇದರ ಹತ್ತಿರವೇ ಹಾದುಹೋಗುತ್ತಾರೆ. ಊರಿಂದ ಬಂದವರು ಇದನ್ನು ನೋಡಿ ಕೇಳುವ ಪ್ರಶ್ನೆ ಒಂದೇ: ರೇಸ್‌ಕೋರ್ಸಿನ ಅಂಗಳದಲ್ಲಿ ಇಷ್ಟು ದೊಡ್ಡ ಕ್ಯಾಸಿನೊ ಯಾಕೆ? ಕ್ಯಾಸಿನೊ ಕಡೆಯ ಪಾರ್ಕಿಂಗ್ ತುಂಬಿರುತ್ತದೆ, ಓಟ ನೋಡುವ ಗ್ಯಾಲರಿ ದೊಡ್ಡ ಓಟದ ದಿನಗಳನ್ನು ಬಿಟ್ಟರೆ ಬಹುಪಾಲು ಖಾಲಿ. ಹೀಗಾದರೂ ಪ್ರತಿ ರೇಸಿನ ಬಹುಮಾನ ಹಣ ಹತ್ತಾರು ಸಾವಿರ ಡಾಲರ್ ಹೇಗೆ?

ಉತ್ತರ 1998ರ ಒಂದು ಏರ್ಪಾಡಿನಲ್ಲಿದೆ: ಸ್ಲಾಟ್ ಮಷೀನು, ಅಂದರೆ ಹಣ ಹಾಕಿ ಗುಂಡಿ ಒತ್ತುವ ಜೂಜಿನ ಯಂತ್ರ, ರೇಸ್‌ಕೋರ್ಸಿನಲ್ಲಿಟ್ಟು ಅದರ ಗಳಿಕೆಯಲ್ಲಿ ಓಟಕ್ಕೂ ಪಾಲು ಕೊಡುವುದು. ಅದನ್ನು ಇಲ್ಲಿ ‘ಸ್ಲಾಟ್ಸ್ ಅಟ್ ರೇಸ್‌ಟ್ರ್ಯಾಕ್ಸ್ ಪ್ರೋಗ್ರಾಮ್’ ಎಂದು ಕರೆಯುತ್ತಿದ್ದರು. ಕುದುರೆ ಸಾಕುವವರ ಬಾಯಲ್ಲಿ ಅದು ‘ಸಾರ್ಪ್’. ಸತ್ತು ಹೆಚ್ಚು ಕಡಿಮೆ ಒಂದು ದಶಕ ದಾಟಿದ್ದರೂ ಒಂಟಾರಿಯೊದ ಯಾವ ಲಾಯಕ್ಕೆ ಹೋದರೂ ಈಗಲೂ ‘ಸಾರ್ಪ್‌ಗೆ ಮುಂಚೆ’, ‘ಸಾರ್ಪ್ ಹೋದ ಮೇಲೆ’ ಎಂದೇ ಕಾಲ ಎಣಿಸುತ್ತಾರೆ.

ಮೊದಲು ಇಲ್ಲಿನ ಕುದುರೆ ಓಟದ ಸ್ವರೂಪ ತಿಳಿಯಬೇಕು. ಬೆಂಗಳೂರು, ಮೈಸೂರಿನಲ್ಲಿ ನಾವು ಕಂಡದ್ದು ಥರೋಬ್ರೆಡ್ ಕುದುರೆ, ಬೆನ್ನ ಮೇಲೆ ಜಾಕಿ. ಒಂಟಾರಿಯೊದಲ್ಲಿ ಅದು ಮುಖ್ಯವಾಗಿ ವುಡ್‌ಬೈನ್ ಮತ್ತು ಫೋರ್ಟ್ ಈರಿಯಲ್ಲಿ ಮಾತ್ರ. ಉಳಿದ ಟ್ರ್ಯಾಕ್‌ಗಳಲ್ಲಿ ಹೆಚ್ಚಿನವು ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆಗಳವು. ಅವು ಸವಾರನನ್ನು ಹೊರುವುದಿಲ್ಲ. ಜಟಕಾದ ಮೇಲ್ಭಾಗ ತೆಗೆದು ಬರೀ ಚೌಕಟ್ಟು, ಎರಡು ಚಕ್ರ ಉಳಿಸಿದಂಥ ಸಲ್ಕಿ ಎಂಬ ಹಗುರ ಬಂಡಿಯನ್ನು ಎಳೆದುಕೊಂಡು ಓಡುತ್ತವೆ. ನಾಗಾಲೋಟಕ್ಕೆ ಬಿದ್ದರೆ ಚಾಲಕ ಎಳೆದು ಹಿಂದೆ ಸರಿಸಬೇಕು. ದುಡುಕಿ ಮುಂದೆ ಹೋದದ್ದು ಲೆಕ್ಕಕ್ಕಿಲ್ಲ. ಇದು ಹಳ್ಳಿಗಾಡಿನ ಆಟ. ಕ್ಲಿಂಟನ್, ಡ್ರೆಸ್ಡೆನ್, ಹ್ಯಾನೋವರ್‌ನಂಥ ಸಣ್ಣ ಊರುಗಳಲ್ಲಿ ಜಾತ್ರೆ ಮೈದಾನದ ಅರ್ಧ ಮೈಲಿ ಸುತ್ತಿನಲ್ಲಿ ಬೆಳೆದದ್ದು. ಕುದುರೆ ಮಾಲೀಕರಲ್ಲಿ ಎಷ್ಟೋ ಜನ ಎರಡು ಮೂರು ಕುದುರೆ ಕಟ್ಟಿಕೊಂಡ ರೈತರೇ.

ಬುಕ್ಕಿಗಳು ಇಲ್ಲಿಲ್ಲ. ಎಲ್ಲ ಪಣವೂ ಟೋಟ್ ಮೂಲಕ, ಅಂದರೆ ಎಲ್ಲರ ಹಣ ಒಂದು ಕೊಡಕ್ಕೆ ಬಿದ್ದು, ಅದರಲ್ಲಿ ಒಂದು ಪಾಲು ತೆಗೆದು, ಉಳಿದದ್ದನ್ನು ಗೆದ್ದವರಿಗೆ ಹಂಚುವ ಪದ್ಧತಿ. ತೆಗೆಯುವ ಪಾಲು ಪಣದ ಬಗೆ ನೋಡಿಕೊಂಡು ಸರಿಸುಮಾರು ಶೇ 15ರಿಂದ 25ರ ನಡುವೆ. ಒಟ್ಟು ಪಣದ ಶೇ 0.8 ಒಕ್ಕೂಟ ಸರ್ಕಾರದ ಮೇಲ್ವಿಚಾರಣೆ ಸಂಸ್ಥೆಗೆ ಹೋಗುತ್ತದೆ. ಪ್ರಾಂತ್ಯ ಸರ್ಕಾರ 1996ರಲ್ಲೇ ತನ್ನ ತೆರಿಗೆಯನ್ನು ಶೇ 0.5ಕ್ಕೆ ಇಳಿಸಿ, ಬಿಟ್ಟುಕೊಟ್ಟ ಹಣ ಬಹುಮಾನಕ್ಕೆ ಹೋಗಲಿ ಎಂದಿತ್ತು. ಬೆಂಗಳೂರಿನ ಓಟದ ಮೇಲೆ ಮೊದಲು ಶೇ 28, 2025ರ ಸೆಪ್ಟೆಂಬರ್ 22ರಿಂದ ಶೇ 40 ಜಿಎಸ್‌ಟಿ ಬಿದ್ದಿರುವುದರ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಕಡೆಯ ಸರ್ಕಾರಗಳು ಕುದುರೆಯನ್ನು ಕಂಡ ಬಗೆ ಎಷ್ಟು ಬೇರೆ ಎಂಬುದು ತಿಳಿಯುತ್ತದೆ. ಅಲ್ಲಿ ಅದು ತೆರಿಗೆ ಹಾಕಬೇಕಾದ ಜೂಜು. ಇಲ್ಲಿ ಅದು ಕೃಷಿಯ ಒಂದು ಕವಲು.

ಒಪ್ಪಂದದ ಲೆಕ್ಕ

1990ರ ದಶಕದಲ್ಲಿ ಕ್ಯಾಸಿನೊಗಳು ಬಂದವು, ಲಾಟರಿ ಬೆಳೆಯಿತು, ಓಟದ ಮೇಲಿನ ಪಣ ಕರಗತೊಡಗಿತು. ಸರ್ಕಾರಕ್ಕೆ ಸ್ಲಾಟ್ ಮಷೀನ್ ಇಡಲು ಜಾಗ ಬೇಕಿತ್ತು. ಹೊಸ ಊರಿನಲ್ಲಿ ಜೂಜುಕಟ್ಟೆ ತೆರೆಯುತ್ತೇವೆ ಎಂದರೆ ಜನ ಬೀದಿಗಿಳಿಯುತ್ತಿದ್ದರು. ರೇಸ್‌ಕೋರ್ಸಿನಲ್ಲಿ ಜೂಜು ಮೊದಲೇ ಇತ್ತು, ಪಾರ್ಕಿಂಗ್ ಇತ್ತು, ಪರವಾನಗಿಯ ಅಭ್ಯಾಸವಿತ್ತು. ಹೀಗೆ 1998ರ ಡಿಸೆಂಬರ್‌ನಲ್ಲಿ ವಿಂಡ್ಸರ್ ರೇಸ್‌ವೇಯಲ್ಲಿ ಮೊದಲ ಮಷೀನುಗಳು ಕೂತವು. ಮುಂದೆ ಒಟ್ಟು 17 ಟ್ರ್ಯಾಕ್‌ಗಳಿಗೆ ಬಂದವು.

ಮಷೀನು ಸರ್ಕಾರಿ ಲಾಟರಿ ನಿಗಮದ್ದು. ಆಟಗಾರರಿಗೆ ಕೊಟ್ಟು ಉಳಿದ ನಿವ್ವಳ ಹಣದಲ್ಲಿ ಶೇ 10 ಟ್ರ್ಯಾಕ್ ಮಾಲೀಕರಿಗೆ, ಶೇ 10 ಬಹುಮಾನ ನಿಧಿಗೆ. ಈ ನಿಧಿಯನ್ನೇ ಇಲ್ಲಿ ಪರ್ಸ್ ಎನ್ನುವುದು. ಊರಿನ ಮುನಿಸಿಪಾಲಿಟಿಗೆ ಮೊದಲ 450 ಮಷೀನುಗಳ ಮೇಲೆ ಶೇ 5, ಅದರ ಮೇಲಿನವುಗಳಿಗೆ ಶೇ 2. ಸಮಸ್ಯಾತ್ಮಕ ಜೂಜಿನ ಚಿಕಿತ್ಸೆ, ಸಂಶೋಧನೆಗೆ ಸ್ಲಾಟ್ ಆದಾಯದ ಶೇ 2 ಮೀಸಲು. ಮಿಕ್ಕದ್ದು ಪ್ರಾಂತ್ಯದ ಖಜಾನೆಗೆ.

ಇದರ ತೂಕ ತಿಳಿಯಲು ಒಂದು ಕಾಲ್ಪನಿಕ ಟ್ರ್ಯಾಕ್ ಹಿಡಿಯೋಣ. 450 ಮಷೀನು, ಪ್ರತಿಯೊಂದೂ ದಿನಕ್ಕೆ ನಿವ್ವಳ 200 ಡಾಲರ್ ಉಳಿಸುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 90,000, ವರ್ಷಕ್ಕೆ ಸುಮಾರು 3 ಕೋಟಿ 28 ಲಕ್ಷ ಡಾಲರ್. ಪರ್ಸಿಗೆ ಅದರ ಹತ್ತನೇ ಒಂದು, ಅಂದರೆ ಸುಮಾರು 33 ಲಕ್ಷ. ವರ್ಷಕ್ಕೆ 100 ದಿನ, ದಿನಕ್ಕೆ 10 ರೇಸ್ ಎಂದರೆ ಪ್ರತಿ ರೇಸಿಗೆ ಸುಮಾರು 3,300 ಡಾಲರ್. ಈಗ ಅದೇ ಟ್ರ್ಯಾಕಿನಲ್ಲಿ ಒಂದು ಸಂಜೆ ಜನ 50,000 ಡಾಲರ್ ಪಣ ಕಟ್ಟಿದರು ಎನ್ನಿ. ಶೇ 22 ಕಡಿತ ಎಂದರೆ 11,000. ಸುಂಕ, ಟೋಟ್ ಖರ್ಚು, ಟ್ರ್ಯಾಕಿನ ಪಾಲು ಕಳೆದು ಹೆಚ್ಚೆಂದರೆ 5,000 ಪರ್ಸಿಗೆ ಬರುತ್ತದೆ. ರೇಸಿಗೆ 500. ಒಂದು ಕಡೆ 3,300, ಇನ್ನೊಂದು ಕಡೆ 500. ಕುದುರೆ ಓಡುವುದು ಯಾರ ಹಣದಲ್ಲಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಹಣ ಹೇಗೆ ಹಂಚಿಕೆಯಾಗುತ್ತದೆ? ಬಂಡಿ ಓಟದಲ್ಲಿ ವಾಡಿಕೆಯ ಹಂಚಿಕೆ ಮೊದಲ ಐದು ಕುದುರೆಗಳಿಗೆ ಶೇ 50, 25, 12, 8, 5. ಗಳಿಕೆಯಲ್ಲಿ ಚಾಲಕನಿಗೆ ಶೇ 5, ಟ್ರೇನರ್‌ಗೆ ಶೇ 5. ಸ್ಲಾಟ್ ಹಣವೂ ಪಣದ ಹಣವೂ ಸೇರಿ 3,800 ಡಾಲರಾದ ರೇಸಿನಲ್ಲಿ ಎರಡನೆಯದಾಗಿ ಬಂದರೆ 950, ಅದರಲ್ಲಿ ಮಾಲೀಕನ ಕೈಗೆ 855. ತಿಂಗಳಿಗೆ ಮೂರು ಸಲ ಓಡಿಸಿ ಹೀಗೆ ಬಂದರೆ ತರಬೇತಿ, ಮೇವು, ಲಾಳ, ಪಶುವೈದ್ಯ ಎಲ್ಲದಕ್ಕೂ ಸರಿಹೋದೀತು. ದಿನಕ್ಕೆ ಹತ್ತು ಕಿಲೊದಷ್ಟು ಹುಲ್ಲು ತಿನ್ನುವ ಪ್ರಾಣಿ, ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬದಲಿಸಬೇಕು. ಓಡಿದರೂ ಓಡದಿದ್ದರೂ ಖರ್ಚು ನಿಲ್ಲುವುದಿಲ್ಲ. 500 ಡಾಲರಿನ ರೇಸಿನಲ್ಲಿ ಅದೇ ಎರಡನೆಯ ಸ್ಥಾನಕ್ಕೆ 125. ಅಷ್ಟಕ್ಕೆ ಯಾರೂ ಕುದುರೆಯನ್ನು ಟ್ರೈಲರಿಗೆ ಹತ್ತಿಸುವುದಿಲ್ಲ, ಡೀಸೆಲ್ ಖರ್ಚೂ ಹುಟ್ಟುವುದಿಲ್ಲ.

ಹೀಗೆ ಸ್ಲಾಟ್ ಹಣ ಬಂದ ಕೂಡಲೇ ಹಳ್ಳಿಗಾಡಿಗೆ ನಿಜವಾದ ಜೀವ ಬಂತು. ಹೊಸ ಲಾಯಗಳೆದ್ದವು. ಒಳ್ಳೆಯ ತಳಿಯ ಗಂಡು ಕುದುರೆಗಳನ್ನು ತಂದರು. ಒಂಟಾರಿಯೊ ಸೈರ್ ಸ್ಟೇಕ್ಸ್ ಎಂಬ, ಪ್ರಾಂತ್ಯದ ತಳಿಗೇ ಮೀಸಲಾದ ಸ್ಪರ್ಧೆಗಳಿಗೆ ಉತ್ತರ ಅಮೆರಿಕದಲ್ಲೇ ಹೆಸರು ಬಂತು. ಹುಲ್ಲು ಬೆಳೆಯುವವರು, ಲಾಳ ಕಟ್ಟುವವರು, ಬಂಡಿ ರಿಪೇರಿಯವರು, ಹುಲ್ಲುಹಾಸು ಮಾರುವವರು ಎಲ್ಲರಿಗೂ ಕೆಲಸ. ಈ ಉದ್ಯಮದ ಸಂಘಟನೆಗಳು 60,000 ಉದ್ಯೋಗ ಎಂದು ಹೇಳುತ್ತಿದ್ದವು. ಅರೆಕಾಲಿಕರನ್ನೂ ಸೇರಿಸಿದ ಉಬ್ಬಿದ ಲೆಕ್ಕ ಅದು ಅನ್ನಿಸಿದರೂ, ಹಳ್ಳಿಗಾಡಿನಲ್ಲಿ ಈ ಹಣ ಎಷ್ಟು ಕೈ ತಿರುಗುತ್ತಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಕೊನೆಯ ವರ್ಷಗಳಲ್ಲಿ ಟ್ರ್ಯಾಕ್ ಮತ್ತು ಕುದುರೆಯವರ ಪಾಲು ವರ್ಷಕ್ಕೆ 34.5 ಕೋಟಿ ಡಾಲರ್ ಮುಟ್ಟಿತ್ತು.

ಬೆಳೆಯದೆ ಹೋದದ್ದು ಓಟ ನೋಡುವ ಜನ. ಗೋಡೆಯ ಈಚೆ ಸ್ಲಾಟ್ ಆಡಲು ಬಂದವರು ಆಚೆ ಹೋಗಿ ಕುದುರೆಯ ಮೇಲೆ ಪಣ ಕಟ್ಟಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ರೇಸ್ ಪುಸ್ತಕ ಓದಲು ಕಲಿಯಬೇಕು, ಹಿಂದಿನ ಓಟಗಳ ವೇಳೆ ನೋಡಬೇಕು, ಒಂದು ರೇಸಿಗೂ ಇನ್ನೊಂದಕ್ಕೂ ಇಪ್ಪತ್ತು ನಿಮಿಷ ಕಾಯಬೇಕು. ಮಷೀನಿಗೆ ಒಂದು ಗುಂಡಿ ಸಾಕು. ಟ್ರ್ಯಾಕ್ ಮಾಲೀಕನಿಗೂ ಹೊಸ ಪ್ರೇಕ್ಷಕರನ್ನು ಹುಡುಕುವ ಒತ್ತಡವಿರಲಿಲ್ಲ, ಚೆಕ್ ಪ್ರತಿ ತಿಂಗಳೂ ಬರುತ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ಈ ಏರ್ಪಾಡಿನ ಮೂಲ ದೋಷ ಇದೇ: ಪರ್ಸಿನ ಗಾತ್ರಕ್ಕೂ ಓಟವನ್ನು ಎಷ್ಟು ಜನ ನೋಡುತ್ತಾರೆ, ಎಷ್ಟು ಪಣ ಕಟ್ಟುತ್ತಾರೆ ಎಂಬುದಕ್ಕೂ ಇದ್ದ ಕೊಂಡಿಯನ್ನೇ ಅದು ಕಳಚಿಹಾಕಿತು.

ಮಷೀನಿನ ಒಳಗೆ

ಊರಲ್ಲಿ ಸ್ಲಾಟ್ ಮಷೀನ್ ಕಂಡವರು ಕಡಿಮೆ. ಗೋವಾದಲ್ಲಿ ಪಂಚತಾರಾ ಹೋಟೆಲುಗಳಿಗೆ 1990ರ ದಶಕದ ಕಾನೂನು ತಿದ್ದುಪಡಿಯಿಂದ ಇದಕ್ಕೆ ಅನುಮತಿ ಸಿಕ್ಕಿತು, ಕರ್ನಾಟಕದಲ್ಲಿ ಇಲ್ಲ. ಹಾಗಾಗಿ ಇದರ ಕೆಲಸ ಸ್ವಲ್ಪ ಬಿಡಿಸಿ ಹೇಳಬೇಕು, ಅದರಲ್ಲೂ ಇಲ್ಲಿಗೆ ಬಂದ ತಂದೆತಾಯಿಯರನ್ನು ‘ಸುಮ್ಮನೆ ನೋಡಿಕೊಂಡು ಬರೋಣ’ ಎಂದು ಕರೆದೊಯ್ಯುವವರಿಗಾಗಿ.

ತಿರುಗುವ ಚಕ್ರಗಳು ಬರೀ ಪ್ರದರ್ಶನ. ಗುಂಡಿ ಒತ್ತಿದ ಕ್ಷಣದಲ್ಲೇ ಒಳಗಿನ ಚಿಪ್ ಒಂದು ಯಾದೃಚ್ಛಿಕ ಸಂಖ್ಯೆ ತೆಗೆದು ಫಲಿತಾಂಶ ನಿರ್ಧರಿಸಿರುತ್ತದೆ. ಈ ಮಷೀನು ಬಹಳ ಹೊತ್ತಿನಿಂದ ಕೊಟ್ಟಿಲ್ಲ, ಈಗ ಕೊಡುತ್ತದೆ ಎಂಬ ಲೆಕ್ಕಕ್ಕೆ ಬುಡವೇ ಇಲ್ಲ. ಹಿಂದಿನ ಒತ್ತು ಮುಂದಿನದಕ್ಕೆ ಗೊತ್ತೇ ಇರುವುದಿಲ್ಲ. ಒಂಟಾರಿಯೊದ ನಿಯಮದಂತೆ ದೀರ್ಘಾವಧಿಯಲ್ಲಿ ಆಟಗಾರರಿಗೆ ಕನಿಷ್ಠ ಶೇ 85 ಹಿಂದಿರುಗಬೇಕು. ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಈ ಮಷೀನುಗಳ ವಿನ್ಯಾಸದ ಲೆಕ್ಕಪಟ್ಟಿಗಳನ್ನೇ ಪಡೆದು ನೋಡಿದಾಗ ಕಂಡದ್ದು: ಹೊರಗೆ ಒಂದೇ ಚಿತ್ರ, ಒಂದೇ ಹೆಸರು, ಒಂದೇ ಸಂಗೀತವಿರುವ ಆಟ ಶೇ 85ರಿಂದ ಶೇ 98ರವರೆಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಂದಿರುಗಿಸುವ ಆವೃತ್ತಿಗಳಲ್ಲಿ ಇರುತ್ತದೆ. ಮುಂದೆ ಕೂತವರಿಗೆ ಯಾವುದು ಯಾವುದು ಎಂದು ತಿಳಿಯಲು ದಾರಿಯಿಲ್ಲ.

ಅದೇ ಸಂಶೋಧಕರು ತೋರಿಸಿದ ಇನ್ನೊಂದು ಸಂಗತಿ ಹೆಚ್ಚು ಅಪಾಯದ್ದು. ಇಪ್ಪತ್ತು ಸಾಲಿನ ಮೇಲೆ ಐದೈದು ಸೆಂಟ್ ಹಾಕಿ ಒಂದು ಡಾಲರ್ ಆಡುತ್ತೀರಿ. ಒಂದು ಸಾಲಿನಲ್ಲಿ 30 ಸೆಂಟ್ ಬರುತ್ತದೆ. ದೀಪ ಮಿನುಗುತ್ತದೆ, ಸಂಗೀತ ಮೊಳಗುತ್ತದೆ, ಗೆದ್ದಿರಿ ಎಂಬ ಸಂಭ್ರಮ. ಕಳೆದದ್ದು 70 ಸೆಂಟ್. ಗೆಲುವಿನ ವೇಷ ಹಾಕಿದ ಈ ಸೋಲನ್ನು ಮೈ ನಿಜವಾದ ಗೆಲುವೆಂದೇ ಅನುಭವಿಸುತ್ತದೆ. ಎಷ್ಟು ಸಲ ಗೆದ್ದಿರಿ ಎಂದು ಕೇಳಿದರೆ ಆಡಿದವರು ನಿಜಕ್ಕಿಂತ ಹೆಚ್ಚು ಹೇಳುತ್ತಾರೆ.

ವೇಗದ ಲೆಕ್ಕ ಇನ್ನೂ ಸರಳ. ಗಂಟೆಗೆ 600 ಸಲ ಒತ್ತುವುದು ಯಾರಿಗೂ ಕಷ್ಟವಲ್ಲ. ಪ್ರತಿ ಒತ್ತಿಗೆ ಒಂದು ಡಾಲರ್, ಮಷೀನು ಉಳಿಸಿಕೊಳ್ಳುವುದು ಶೇ 8 ಎಂದರೆ ಗಂಟೆಗೆ ಸರಾಸರಿ 48 ಡಾಲರ್ ನಷ್ಟ. ಕುದುರೆಯ ಮೇಲೆ ಗಂಟೆಗೆ ಮೂರು ರೇಸ್, ಒಂದೊಂದಕ್ಕೆ 2 ಡಾಲರ್, ಶೇ 20 ಕಡಿತ ಎಂದರೆ 1 ಡಾಲರ್ 20 ಸೆಂಟ್. ಕಡಿತದ ಪ್ರಮಾಣ ಕುದುರೆಯದ್ದೇ ಹೆಚ್ಚು, ಕಳೆಯುವ ಹಣ ಮಷೀನಿನದ್ದು ನಲವತ್ತು ಪಟ್ಟು. ಕುದುರೆಗೆ ಮೇವಾದದ್ದು ಈ ನಲವತ್ತು ಪಟ್ಟಿನ ಹತ್ತನೇ ಒಂದು ಪಾಲು. ಅದು ಯಾರದೋ ಮನೆಯ ಬಾಡಿಗೆ ಹಣವೂ ಆಗಿತ್ತು ಎಂಬುದನ್ನು ಈ ಚರ್ಚೆಯಲ್ಲಿ ಲಾಯದವರು ಹೆಚ್ಚಾಗಿ ಮರೆಯುತ್ತಾರೆ. ಟ್ರ್ಯಾಕ್‌ಗಳು 17 ಊರುಗಳಲ್ಲಿ ಚದುರಿದ್ದರಿಂದ, ಕ್ಯಾಸಿನೊಗೆ ಎರಡು ಗಂಟೆ ಕಾರು ಓಡಿಸಬೇಕಿದ್ದ ಹಳ್ಳಿಯವರಿಗೂ ಮಷೀನು ಹತ್ತು ನಿಮಿಷದ ದಾರಿಯಾಯಿತು.

ತಡೆಯಲಾಗದೆ ಹೋದವರಿಗೆ ಇಲ್ಲಿ ಸ್ವಯಂ ನಿಷೇಧದ ವ್ಯವಸ್ಥೆಯಿದೆ. ಕ್ಯಾಸಿನೊದ ಕಚೇರಿಯಲ್ಲಿ ಗುರುತಿನ ಚೀಟಿ, ಫೋಟೊ ಕೊಟ್ಟು, ಅವಧಿ ಆರಿಸಿಕೊಂಡು ಸಹಿ ಹಾಕಿದರೆ ಪ್ರವೇಶ ನಿರಾಕರಿಸುತ್ತಾರೆ. ಬಾಗಿಲಿನ ಕ್ಯಾಮೆರಾಗಳಲ್ಲಿ ಮುಖ ಗುರುತಿಸುವ ತಂತ್ರವೂ ಇದೆ. ಕನೆಕ್ಸ್ ಒಂಟಾರಿಯೊ ಎಂಬ ಸಹಾಯವಾಣಿ ಉಚಿತ, ಹೆಸರು ಹೇಳಬೇಕಿಲ್ಲ. ನಮ್ಮವರು ಮರ್ಯಾದೆಗೆ ಅಂಜಿ ಅಲ್ಲಿಗೆ ಕರೆ ಮಾಡುವುದು ತಡವಾಗುತ್ತದೆ, ಅಷ್ಟರಲ್ಲಿ ಕ್ರೆಡಿಟ್ ಕಾರ್ಡ್ ಸಾಲ ಬೆಳೆದಿರುತ್ತದೆ.

ಹಣ ಹೆಚ್ಚಾದರೂ ಕುದುರೆಗೆ ಕೇಡು

ಒಂಟಾರಿಯೊದಿಂದ ಸ್ವಲ್ಪ ಆಚೆ ಹೋಗಬೇಕು. ನ್ಯೂಯಾರ್ಕ್ ನಗರದ ಅಕ್ವಿಡಕ್ಟ್ ಟ್ರ್ಯಾಕಿನಲ್ಲಿ 2011ರ ಅಕ್ಟೋಬರ್ ಕೊನೆಗೆ ಸ್ಲಾಟ್ ಮಾದರಿಯ ಸಾವಿರಾರು ಯಂತ್ರಗಳ ಕ್ಯಾಸಿನೊ ತೆರೆಯಿತು. ಪರ್ಸ್‌ಗಳು ಒಮ್ಮೆಲೇ ಏರಿದವು. ಆ ಚಳಿಗಾಲದಲ್ಲಿ, 2011ರ ನವೆಂಬರ್ 30ರಿಂದ 2012ರ ಮಾರ್ಚ್ 18ರೊಳಗೆ, ಅಲ್ಲಿ 21 ಕುದುರೆಗಳು ಓಟದಲ್ಲಿ ಬಿದ್ದು ಸತ್ತವು.

ಪರ್ಸ್ ಏರಿದ್ದಕ್ಕೂ ಈ ಸಾವುಗಳಿಗೂ ಏನು ನಂಟು ಎಂದು ತಿಳಿಯಲು ‘ಕ್ಲೇಮಿಂಗ್ ರೇಸ್’ ಅರ್ಥವಾಗಬೇಕು. ಉತ್ತರ ಅಮೆರಿಕದ ರೇಸುಗಳಲ್ಲಿ ದೊಡ್ಡ ಪಾಲು ಇಂಥವು. ಓಡುವ ಪ್ರತಿ ಕುದುರೆಗೂ ಬೆಲೆಯ ಚೀಟಿ ಇರುತ್ತದೆ. ಪರವಾನಗಿ ಇರುವ ಯಾರೇ ಆಗಲಿ ಓಟಕ್ಕೆ ಮೊದಲು ಡಬ್ಬಿಯಲ್ಲಿ ಚೀಟಿ ಹಾಕಿ, ಆ ಬೆಲೆಗೆ ಕುದುರೆಯನ್ನು ಕೊಳ್ಳಬಹುದು. ಓಟದ ಬಹುಮಾನ ಹಳೆಯ ಮಾಲೀಕನಿಗೆ, ಕುದುರೆ ಹೊಸಬನಿಗೆ. ಒಳ್ಳೆಯ ಕುದುರೆಯನ್ನು ಕಡಿಮೆ ದರ್ಜೆಗೆ ಇಳಿಸಿ ಸುಲಭವಾಗಿ ಗೆದ್ದರೆ ಯಾರಾದರೂ ಕೊಂಡುಹೋಗುತ್ತಾರೆ ಎಂಬ ಭಯವೇ ಆಟವನ್ನು ಸಮತೂಕದಲ್ಲಿಡುತ್ತದೆ. ಕುದುರೆಯ ಬೆಲೆ ಬಹುಮಾನಕ್ಕಿಂತ ಹೆಚ್ಚಿರುವವರೆಗೆ ಮಾತ್ರ ಈ ಭಯ ಕೆಲಸ ಮಾಡುತ್ತದೆ.

7,500 ಡಾಲರ್ ಬೆಲೆಯ ಕುದುರೆ 30,000 ಡಾಲರ್ ಪರ್ಸಿಗೆ ಓಡುತ್ತದೆ ಎನ್ನಿ. ಗೆದ್ದವನಿಗೆ ಶೇ 60 ಎಂದರೆ 18,000. ಕುದುರೆಯ ಬೆಲೆಯ ಎರಡು ಪಟ್ಟಿಗೂ ಹೆಚ್ಚು, ಒಂದೇ ಮಧ್ಯಾಹ್ನದಲ್ಲಿ. ಕಾಲಿನ ಕೀಲು ಊದಿದ ಕುದುರೆಗೆ ಆರು ತಿಂಗಳು ವಿಶ್ರಾಂತಿ ಕೊಡುವುದು ಲಾಭವೋ, ನೋವು ಮರೆಸುವ ಚುಚ್ಚುಮದ್ದು ಕೊಟ್ಟು ಇನ್ನೊಂದೇ ಸಲ ಓಡಿಸುವುದು ಲಾಭವೋ? ಹೋದರೆ ಹೋಗುವುದು 7,500ರ ಪ್ರಾಣಿ. ನ್ಯೂಯಾರ್ಕ್ ರಾಜ್ಯದ ಆಗಿನ ರಾಜ್ಯಪಾಲ ಕ್ಯುಮೊ ನೇಮಿಸಿದ ತಜ್ಞರ ತಂಡ 2012ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಆ ಸಾವುಗಳಲ್ಲಿ ಅರ್ಧದಷ್ಟನ್ನು ತಡೆಯಬಹುದಿತ್ತು ಎಂದಿತು. ಪರ್ಸಿಗೂ ಕುದುರೆಯ ಬೆಲೆಗೂ ನಡುವಿನ ಈ ಅಂತರವನ್ನೂ, ಓಟಕ್ಕೆ ಹತ್ತಿರದ ದಿನಗಳಲ್ಲಿ ಕೊಡುವ ಔಷಧಿಗಳನ್ನೂ ಕಾರಣಗಳಲ್ಲಿ ಎಣಿಸಿತು. ಕುದುರೆಯ ಬೆಲೆ ಪರ್ಸಿನ ಅರ್ಧಕ್ಕಿಂತ ಕಡಿಮೆ ಇರಬಾರದು ಎಂಬ ನಿಯಮ ಬಂದದ್ದು ಈ ಸಾವುಗಳ ಬೆನ್ನಿಗೆ.

ಬಹುಮಾನ ಹೆಚ್ಚಿದರೆ ಕುದುರೆಯ ಆರೈಕೆಯೂ ಹೆಚ್ಚೀತು ಎಂದೇ ಎಲ್ಲರೂ ನಂಬಿದ್ದರು. ಹಣವನ್ನು ಯಾವ ದರ್ಜೆಯ ಓಟಕ್ಕೆ, ಯಾವ ಷರತ್ತಿನ ಮೇಲೆ ಹಾಕುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಕೆಳದರ್ಜೆಯ ಓಟಕ್ಕೆ ಸುರಿದರೆ ಮುರಿದ ಕಾಲು ಸಿಗುತ್ತದೆ. ತಳಿ ಸ್ಪರ್ಧೆಗೆ, ನಿವೃತ್ತ ಕುದುರೆಗಳ ಪಾಲನೆಗೆ, ಟ್ರ್ಯಾಕಿನ ಮಣ್ಣಿನ ಪರೀಕ್ಷೆಗೆ ಹಾಕಿದರೆ ಬೇರೆ ಫಲ.

ಒಂದು ಪ್ರಕಟಣೆ, ಮೂರು ಪೀಳಿಗೆ

2012ರ ಫೆಬ್ರವರಿಯಲ್ಲಿ ಒಂಟಾರಿಯೊದ ಸಾರ್ವಜನಿಕ ವೆಚ್ಚ ಪರಿಶೀಲಿಸಿದ ಡ್ರಮಂಡ್ ಆಯೋಗ ಈ ಹಂಚಿಕೆಯನ್ನು ಮರುಪರಿಶೀಲಿಸಿ ಎಂದಿತು. ಮಾರ್ಚ್‌ನಲ್ಲಿ ಆಗಿನ ಮುಖ್ಯಮಂತ್ರಿ ಮೆಕ್‌ಗಿಂಟಿ ಅವರ ಸರ್ಕಾರ ಕಾರ್ಯಕ್ರಮವನ್ನೇ ನಿಲ್ಲಿಸುವುದಾಗಿ ಹೇಳಿತು. 2013ರ ಮಾರ್ಚ್ 31 ಕೊನೆಯ ದಿನ. ವಿಂಡ್ಸರ್, ಸಾರ್ನಿಯಾ, ಫೋರ್ಟ್ ಈರಿ ಟ್ರ್ಯಾಕ್‌ಗಳ ಮಷೀನುಗಳನ್ನು ಅಷ್ಟೂ ಕಾಯದೆ 2012ರ ಏಪ್ರಿಲ್ 30ಕ್ಕೇ ಮುಚ್ಚಿದರು. ಆಸ್ಪತ್ರೆ, ಶಾಲೆಗೆ ಹೋಗಬೇಕಾದ ಹಣ ಕುದುರೆಗೆ ಯಾಕೆ ಎಂಬುದು ಸರ್ಕಾರದ ವಾದ. ಕುದುರೆಯವರು, ಇದು ಸಹಾಯಧನವಲ್ಲ, ನಮ್ಮ ಜಾಗದಲ್ಲಿ ಮಷೀನು ಇಟ್ಟದ್ದಕ್ಕೆ ಒಪ್ಪಂದದ ಪಾಲು ಎಂದರು. ಎರಡು ಕಡೆಯ ಮಾತಿನಲ್ಲೂ ಸತ್ಯವಿತ್ತು, ಕಾಗದ ಮಾತ್ರ ಸರ್ಕಾರದ ಪರವಿತ್ತು. ಪಾಲು ಕಾನೂನಿನಲ್ಲಿ ಬರೆದದ್ದಲ್ಲ, ನೋಟಿಸ್ ಕೊಟ್ಟು ರದ್ದುಮಾಡಬಹುದಾದ ಕರಾರು.

ಒಂದು ವರ್ಷದ ಕಾಲಾವಕಾಶ ಕೊಟ್ಟಿದ್ದರಲ್ಲ ಎನ್ನಬಹುದು. ಕುದುರೆ ತಳಿ ಸಾಕಣೆಯ ಪಂಚಾಂಗ ಗೊತ್ತಿದ್ದವರಿಗೆ ಆ ಒಂದು ವರ್ಷ ಎಷ್ಟು ಚಿಕ್ಕದು ಎಂಬುದು ತಿಳಿದಿರುತ್ತದೆ. ಹೆಣ್ಣು ಕುದುರೆಗೆ ಗಬ್ಬ ಕಟ್ಟಿಸುವ ಕಾಲ ಫೆಬ್ರವರಿ ನಡುವಿನಿಂದ ಜುಲೈವರೆಗೆ. ಹನ್ನೊಂದು ತಿಂಗಳು ಗರ್ಭ. ಮರಿ ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1ಕ್ಕೆ ಒಂದು ವರ್ಷ ತುಂಬಿತು ಎಂದೇ ಲೆಕ್ಕ. ವರ್ಷದ ಮರಿಯನ್ನು ಶರತ್ಕಾಲದ ಹರಾಜಿನಲ್ಲಿ ಮಾರುತ್ತಾರೆ. ಎರಡು ವರ್ಷಕ್ಕೆ ಓಟ. 2011ರ ವಸಂತದಲ್ಲಿ ಗಂಡು ಕುದುರೆಯ ಶುಲ್ಕ ಕೊಟ್ಟವನ ಕೈಗೆ ಮೊದಲ ಹಣ ಬರುವುದು 2013ರ ಹರಾಜಿನಲ್ಲಿ, ಆ ಕುದುರೆ ಓಡುವುದು 2014ರಲ್ಲಿ.

ಆದ್ದರಿಂದ 2012ರ ಮಾರ್ಚ್‌ನ ಪ್ರಕಟಣೆ ಬಂದ ದಿನ ಒಂಟಾರಿಯೊದ ಲಾಯಗಳಲ್ಲಿ ಹಣ ಹಾಕಿ ಮುಗಿದಿದ್ದ ಮೂರು ಪೀಳಿಗೆಗಳಿದ್ದವು: ಅದೇ ವರ್ಷ ಓಡಬೇಕಿದ್ದ ಎರಡು ವರ್ಷದವು, ಶರತ್ಕಾಲಕ್ಕೆ ಹರಾಜಿಗೆ ಸಿದ್ಧವಾಗುತ್ತಿದ್ದ ವರ್ಷದ ಮರಿಗಳು, ಇನ್ನೇನು ಹುಟ್ಟಲಿದ್ದ, ಹೊಟ್ಟೆಯೊಳಗಿನವು. ಮೂರರ ಬೆಲೆಯೂ ಒಂದೇ ಬೆಳಗ್ಗೆ ಇಳಿಯಿತು. ಆಗಲೇ ಗಬ್ಬ ಕಟ್ಟಿಸುವ ಕಾಲವೂ ಶುರುವಾಗಿತ್ತು. ಎಷ್ಟೋ ಜನ ಆ ವಸಂತದಲ್ಲಿ ತಮ್ಮ ಹೆಣ್ಣು ಕುದುರೆಗಳನ್ನು ಖಾಲಿ ಬಿಟ್ಟರು. ಹೀಗೆ ಮರುವರ್ಷ ಹುಟ್ಟದೆ ಉಳಿದ ಮರಿಗಳ ಕೊರತೆ ಟ್ರ್ಯಾಕಿನಲ್ಲಿ ಕಂಡದ್ದು 2015ರಲ್ಲಿ, ಅಂಕಣದಲ್ಲಿ ಹತ್ತು ಕುದುರೆ ನಿಲ್ಲಬೇಕಾದ ಕಡೆ ಆರೇಳು ನಿಂತಾಗ. ಕುದುರೆ ಕಡಿಮೆಯಾದರೆ ಪಣದ ಲೆಕ್ಕಾಚಾರಕ್ಕೆ ರುಚಿಯಿರುವುದಿಲ್ಲ, ಪಣ ಕುಸಿಯುತ್ತದೆ, ಪರ್ಸ್ ಮತ್ತೆ ಕುಸಿಯುತ್ತದೆ. ಅಷ್ಟು ಹೊತ್ತಿಗೆ ನಿರ್ಧಾರ ಮಾಡಿದ ಸಚಿವರು ಕುರ್ಚಿ ಬಿಟ್ಟು ಹೋಗಿದ್ದರು.

ಇದೇ ಹೊತ್ತಿಗೆ ಈರಿ ಸರೋವರದ ಆಚೆ ದಡದಲ್ಲಿ ಒಹಾಯೊ ರಾಜ್ಯ ತನ್ನ ಟ್ರ್ಯಾಕ್‌ಗಳಿಗೆ ಯಂತ್ರ ತರಿಸುತ್ತಿತ್ತು. ಕೊಲಂಬಸ್‌ನ ಸಿಯೊಟೊ ಡೌನ್ಸ್ ಟ್ರ್ಯಾಕಿನಲ್ಲಿ 2012ರ ಜೂನ್‌ನಲ್ಲಿ ಅವು ಶುರುವಾದವು. ಪೆನ್ಸಿಲ್ವೇನಿಯಾದಲ್ಲಿ 2006ರಿಂದಲೇ ಇದ್ದವು. ಸ್ಟ್ಯಾಂಡರ್ಡ್‌ಬ್ರೆಡ್‌ನಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿದೆ, ಥರೋಬ್ರೆಡ್‌ನಲ್ಲಿ ಇಲ್ಲ. ಹಾಗಾಗಿ ಬಂಡಿ ಕುದುರೆಯ ತಳಿ ಗಡಿ ದಾಟುವುದು ಸುಲಭ. ಗಂಡು ಕುದುರೆಗಳೂ, ಒಳ್ಳೆಯ ಹೆಣ್ಣು ಕುದುರೆಗಳೂ ದಕ್ಷಿಣಕ್ಕೆ ಹೋದವು. ಮಾರಲಾಗದ ಕುದುರೆಗಳಲ್ಲಿ ಅದೃಷ್ಟವಿದ್ದವು ಸೇಂಟ್ ಜೇಕಬ್ಸ್, ಎಲ್ಮೈರಾ ಕಡೆಯ ಮೆನ್ನೊನೈಟ್ ರೈತರ ಗಾಡಿಗೆ ಸೇರಿದವು. ಮೋಟಾರು ಬಳಸದ ಆ ಜನಕ್ಕೆ ಇಂಥ ಕುದುರೆ ಬೇಕು. ಎಲ್ಲಕ್ಕೂ ಆ ಭಾಗ್ಯವಿರಲಿಲ್ಲ, ಕೆನಡಾದಲ್ಲಿ ಕುದುರೆಯನ್ನು ಮಾಂಸಕ್ಕೆ ಮಾರುವುದಕ್ಕೆ ಕಾನೂನಿನ ತಡೆಯಿಲ್ಲ.

ಗದ್ದಲ ಎದ್ದ ಮೇಲೆ ಸರ್ಕಾರ ಮೂವರು ಮಾಜಿ ಸಚಿವರಾದ ಎಲ್ಮರ್ ಬ್ಯುಕ್ಯಾನನ್, ಜಾನ್ ಸ್ನೋಬೆಲನ್, ಜಾನ್ ವಿಲ್ಕಿನ್ಸನ್ ಅವರ ಸಮಿತಿ ಮಾಡಿತು. ಮೂವರೂ ಮೂರು ಬೇರೆ ಪಕ್ಷದವರು. ಹಳೆಯ ಪಾಲುಗಾರಿಕೆಗೆ ಹಿಂದಿರುಗಬೇಡಿ, ಅದರಲ್ಲಿ ಉತ್ತರದಾಯಿತ್ವವೇ ಇರಲಿಲ್ಲ. ಪೂರ್ತಿ ಕೈಬಿಡಲೂ ಬೇಡಿ, ಉದ್ಯಮ ಸತ್ತೇಹೋಗುತ್ತದೆ ಎಂದರು. 2013ರಲ್ಲಿ ಮುಖ್ಯಮಂತ್ರಿಯಾದ ಕ್ಯಾಥ್ಲೀನ್ ವಿನ್ ಕೃಷಿ ಖಾತೆಯನ್ನೂ ತಾವೇ ಇಟ್ಟುಕೊಂಡು, 2014ರಿಂದ ಐದು ವರ್ಷಕ್ಕೆ 50 ಕೋಟಿ ಡಾಲರಿನ ಯೋಜನೆ ತಂದರು. 2019ರ ಏಪ್ರಿಲ್‌ನಿಂದ 19 ವರ್ಷದ ಒಪ್ಪಂದ ಜಾರಿಯಲ್ಲಿದೆ. ಈಗ ಮಷೀನಿನ ನಿವ್ವಳದಲ್ಲಿ ಶೇಕಡಾವಾರು ಹಕ್ಕಿಲ್ಲ. ನಿಗದಿತ ಮೊತ್ತ ಬರುತ್ತದೆ, ಅದಕ್ಕೆ ಲೆಕ್ಕ ಒಪ್ಪಿಸಬೇಕು. ಹಳೆಯದಕ್ಕಿಂತ ಇದು ಎಷ್ಟೋ ವಾಸಿ. ವರ್ಷ ವರ್ಷದ ಬಜೆಟ್‌ಗೆ ಉಸಿರು ಬಿಗಿಹಿಡಿದು ಕೂರುವ ಬದಲು ಹೆಣ್ಣು ಕುದುರೆ ಸಾಕುವವನು ಮೂರು ವರ್ಷ ಮುಂದಕ್ಕೆ ಯೋಚಿಸಬಹುದು.

ಬೇರೆ ಕಡೆ ಆದದ್ದನ್ನೂ ಇದರ ಜೊತೆಗಿಟ್ಟು ನೋಡಬೇಕು. ಫ್ಲಾರಿಡಾದಲ್ಲಿ ಸ್ಲಾಟ್ ಬೇಕಾದರೆ ಓಟ ನಡೆಸಲೇಬೇಕು ಎಂಬ ಷರತ್ತಿತ್ತು. 2021ರಲ್ಲಿ ಬಂಡಿ ಓಟಕ್ಕೆ ಆ ಷರತ್ತು ತೆಗೆದರು. 1964ರಿಂದ ನಡೆದಿದ್ದ ಪೊಂಪಾನೊ ಪಾರ್ಕ್ 2022ರ ಏಪ್ರಿಲ್‌ನಲ್ಲಿ ಕೊನೆಯ ಓಟ ಕಂಡಿತು, ಕ್ಯಾಸಿನೊ ಉಳಿಯಿತು. ಶಿಕಾಗೊದ ಆರ್ಲಿಂಗ್ಟನ್ ಪಾರ್ಕ್‌ಗೆ 2019ರಲ್ಲಿ ಇಲಿನಾಯ್ ಸರ್ಕಾರ ಕ್ಯಾಸಿನೊ ಅನುಮತಿಯ ದಾರಿ ತೆರೆದಿತ್ತು. ಅದರ ಒಡೆತನದ ಕಂಪನಿಗೆ ಹತ್ತಿರದ ಇನ್ನೊಂದು ಕ್ಯಾಸಿನೊದಲ್ಲಿ ಪಾಲಿತ್ತು. ಅದು ಅರ್ಜಿಯನ್ನೇ ಹಾಕಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯೂ ಓಟ ನಿಂತಿತು, ಜಾಗವನ್ನು ಫುಟ್‌ಬಾಲ್ ತಂಡ ಕೊಂಡಿತು. ಪೆನ್ಸಿಲ್ವೇನಿಯಾದಲ್ಲಿ ಕುದುರೆ ನಿಧಿ ಕಾನೂನಿನಲ್ಲೇ ಟ್ರಸ್ಟ್ ಆಗಿ ಬರೆದಿದ್ದರೂ 2020ರಲ್ಲಿ ಅಲ್ಲಿನ ರಾಜ್ಯಪಾಲರು 20 ಕೋಟಿ ಡಾಲರಿನಷ್ಟನ್ನು ವಿದ್ಯಾರ್ಥಿವೇತನಕ್ಕೆ ತಿರುಗಿಸಲು ಪ್ರಯತ್ನಿಸಿದರು. ಶಾಸನಸಭೆ ಒಪ್ಪಲಿಲ್ಲ.

ಒಂಟಾರಿಯೊದಲ್ಲಿ ಈಗ ಹೊಸ ಒತ್ತಡ ಮೊಬೈಲಿನದು. 2022ರ ಏಪ್ರಿಲ್ 4ರಿಂದ ಖಾಸಗಿ ಆನ್‌ಲೈನ್ ಕ್ಯಾಸಿನೊಗಳಿಗೆ ಬಾಗಿಲು ತೆರೆದಿದೆ. ಸ್ಲಾಟ್ ಆಡಲು ಇನ್ನು ರೇಸ್‌ಕೋರ್ಸಿಗೆ ಬರಬೇಕಿಲ್ಲ, ಸೋಫಾ ಸಾಕು. ಜಾಗ ಕೊಟ್ಟದ್ದಕ್ಕೆ ಪಾಲು ಎಂಬ ಹಳೆಯ ವಾದದ ಕಾಲಡಿಯ ನೆಲವೇ ಸರಿದಿದೆ. ಸಣ್ಣ ಊರುಗಳ ಮುನಿಸಿಪಾಲಿಟಿಗಳೂ ಇದನ್ನು ನೋಡುತ್ತಿವೆ. ಮಷೀನಿನ ಹಣದಲ್ಲಿ ರಸ್ತೆ, ಐಸ್ ಹಾಕಿ ಅಂಗಳ ಕಟ್ಟಿಕೊಂಡವರಿಗೆ ಆ ಹಣವಿಲ್ಲದ ಬಜೆಟ್ ಬರೆಯುವುದು ಸುಲಭವಲ್ಲ.

ಮೊದಲು ಮಷೀನು ಬಂದ ವಿಂಡ್ಸರ್ ರೇಸ್‌ವೇ 2012ರ ಆಗಸ್ಟ್ ಕೊನೆಗೆ ಮುಚ್ಚಿತು. ಅಲ್ಲಿನ ಕುದುರೆಯವರು ಒಟ್ಟುಗೂಡಿ ಐವತ್ತು ಕಿಲೊಮೀಟರ್ ದೂರದ ಲೆಮಿಂಗ್ಟನ್‌ಗೆ, ಟೊಮ್ಯಾಟೊ ಬೆಳೆಗೆ ಹೆಸರಾದ ಊರಿಗೆ ಹೋಗಿ, ಅಲ್ಲಿನ ಜಾತ್ರೆ ಮೈದಾನದ ಅರ್ಧ ಮೈಲಿ ಸುತ್ತನ್ನು ಹದಮಾಡಿಕೊಂಡರು. 2013ರಿಂದ ಬೇಸಿಗೆ ಕೊನೆಯ ಕೆಲವು ಭಾನುವಾರ ಮಧ್ಯಾಹ್ನ ಅಲ್ಲಿ ಬಂಡಿ ಓಟ ನಡೆಯುತ್ತಿದೆ. ಮಷೀನು ಒಂದೂ ಇಲ್ಲ. ಬೇಲಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಕ್ಕಳ ಸಮೇತ ಜನ ಕೂರುತ್ತಾರೆ, ಎರಡು ಡಾಲರ್ ಪಣ ಕಟ್ಟುತ್ತಾರೆ. ಬಹುಮಾನಕ್ಕೆ ಪ್ರಾಂತ್ಯದ ನೆರವು ಬೇಕೇ ಬೇಕು, ಆ ಪಣದಲ್ಲಿ ಹುಲ್ಲಿನ ಖರ್ಚು ಹುಟ್ಟುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಈ ಕಡೆ ಬಂದವರು ಪಾಯಿಂಟ್ ಪೀಲಿ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಹಿಂದಿರುಗುವ ದಾರಿಯಲ್ಲೇ ಅದು ಸಿಗುತ್ತದೆ.